ಓಡುವ ಬೆಲ್ಟು, ಚಾಚಿದ ಕೈ

ಸಾಮಾನು ಎತ್ತುವ, ಏರಿಸುವ, ಸಾಗಿಸುವ ಯಂತ್ರಗಳಿಂದ ಕೈಗೆ ಆಗುವ ಗಾಯಗಳಿಗೆ ಒಂದು ವಿಶೇಷವಿದೆ. ಗರಗಸದ ಹಲ್ಲನ್ನು ಕಂಡರೆ ಕೈ ತಾನಾಗಿಯೇ ಹಿಂಜರಿಯುತ್ತದೆ. ಬೆಲ್ಟು, ರೋಲರು, ಚೈನು, ರಾಟೆಗಳನ್ನು ಕಂಡು ಯಾರೂ ಹಾಗೆ ಹೆದರುವುದಿಲ್ಲ. ಅವು ನೋಡಲು ಸಾಧುವಾಗಿರುತ್ತವೆ, ಒಂದೇ ಲಯದಲ್ಲಿ ತಿರುಗುತ್ತಿರುತ್ತವೆ, ಅವುಗಳಿಗೆ ಎಲ್ಲಿಯೂ ಹರಿತವಾದ ಅಂಚಿಲ್ಲ. ದಿನವಿಡೀ ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ ಅವುಗಳ ಮೇಲೆ ಒಂದು ಬಗೆಯ ಸಲಿಗೆ ಬೆಳೆಯುತ್ತದೆ. ಬೆರಳು ಹೋಗುವುದು ಆ ಸಲಿಗೆಯ ಹೊತ್ತಿನಲ್ಲಿ.

ನೇತ್ರಾವತಿಯ ದಂಡೆಯ ಪಾಣೆಮಂಗಳೂರು, ನದಿಯ ಆಚೆಗಿನ ಬಂಟ್ವಾಳ, ಅಲ್ಲಿಂದ ಮುಂದೆ ಬೆಳ್ತಂಗಡಿ, ಮೂಡುಬಿದಿರೆ, ಇದು ಮೊದಲಿನಿಂದಲೂ ಸಾಮಾನು ಹೊತ್ತ ಸೀಮೆ. ರಸ್ತೆಗಿಂತ ನದಿಯೇ ಮುಖ್ಯವಾಗಿದ್ದ ಕಾಲದಲ್ಲಿ ಬಂಟ್ವಾಳ ದೋಣಿ ವ್ಯಾಪಾರದ ಪೇಟೆಯಾಗಿತ್ತು. ಘಟ್ಟದ ಮೇಲಿನ ಕಾಫಿ ಇಲ್ಲಿಗೆ ಇಳಿದು ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಮೂಟೆಗಳನ್ನು ಹತ್ತಿಸಿ ಇಳಿಸುತ್ತಿದ್ದುದು ಸಿಂಬೆ ಇಟ್ಟ ತಲೆ, ಬಾಗಿದ ಬೆನ್ನು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಆ ಬಳಿಕ ನೇತ್ರಾವತಿ, ಗುರುಪುರ ನದಿಗಳ ಆವೆಮಣ್ಣು ಒಂದು ಉದ್ಯಮದ ಜೀವಾಳವಾಯಿತು. ಮಣ್ಣನ್ನು ಹದಗೊಳಿಸುವ ಯಂತ್ರಕ್ಕೆ ಏರಿಸುವ ಬೆಲ್ಟು, ಹಸಿ ಹೆಂಚನ್ನು ಒಣಗಿಸುವ ಅಟ್ಟಗಳಿಗೆ ಮುಟ್ಟಿಸುವ ಲಿಫ್ಟು ಬಂದವು. ಕುಚ್ಚಲಕ್ಕಿ ಮಿಲ್ಲುಗಳಿಗೆ ಭತ್ತ ಮೇಲೆತ್ತುವ ಎಲಿವೇಟರು ಬಂತು. ಇನ್ನೂ ಈಚೆಗೆ ಜಲ್ಲಿ ಕ್ರಷರುಗಳ ಉದ್ದನೆಯ ಬೆಲ್ಟುಗಳು, ಗೋದಾಮಿನ ಫೋರ್ಕ್‌ಲಿಫ್ಟು, ಮನೆಯಂಗಳದಲ್ಲಿ ಬಾವಿ ತೋಡುವಾಗ ಮಣ್ಣೆತ್ತುವ ಮೋಟಾರು ರಾಟೆ. ಬೆನ್ನಿನ ಭಾರ ಇಳಿಯಿತು ಎಂಬುದು ನಿಜ, ಅದು ದೊಡ್ಡ ಉಪಕಾರವೇ. ಆದರೆ ಬೆನ್ನು ಬಿಟ್ಟ ಅಪಾಯ ಕೈಗೆ ಬಂದು ಕೂತಿದೆ.

ಬೆಲ್ಟಿನ ವಿಷಯವನ್ನೇ ಮೊದಲು ನೋಡಬೇಕು. ಅದರ ಎರಡು ತುದಿಯಲ್ಲಿ ಎರಡು ಡ್ರಮ್ಮು, ನಡುವೆ ಮೇಲೂ ಕೆಳಗೂ ರೋಲರು. ಬೆಲ್ಟು ಡ್ರಮ್ಮನ್ನು ಎಲ್ಲಿ ಬಂದು ಸೇರುತ್ತದೆಯೋ ಅಲ್ಲೊಂದು ಕಿರಿದಾದ ಸಂದಿ ಇರುತ್ತದೆ. ಅಲ್ಲಿ ಸಿಕ್ಕಿದ್ದೆಲ್ಲ ಒಳಕ್ಕೇ ಹೋಗುತ್ತದೆ. ಅದೇ ಬೆಲ್ಟು ಡ್ರಮ್ಮನ್ನು ಬಿಟ್ಟು ಹೊರಡುವ ಬದಿಯಲ್ಲಿ ಕೈ ತಾಗಿದರೆ ಹೊರಕ್ಕೆ ತಳ್ಳಲ್ಪಡುತ್ತದೆ. ಹೀಗಾಗಿ ಯಾವ ಬದಿ ಎಳೆಯುತ್ತದೆ, ಯಾವ ಬದಿ ತಳ್ಳುತ್ತದೆ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ತೋರಿಸಿ ಹೇಳಿಕೊಡಬೇಕಾಗುತ್ತದೆ.

‘ಸಿಕ್ಕಿಕೊಂಡರೆ ಥಟ್ಟನೆ ಕೈ ಎಳೆದುಕೊಂಡರಾಯಿತು’ ಎಂಬ ಮಾತು ಕ್ರಷರುಗಳಲ್ಲಿ ಕೇಳಿಬರುವುದುಂಟು. ಲೆಕ್ಕ ಬೇರೆಯೇ ಹೇಳುತ್ತದೆ. ಬೆಲ್ಟು ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತಿದೆ ಎಂದಿಟ್ಟುಕೊಳ್ಳೋಣ, ಅದೇನೂ ಅತಿ ವೇಗವಲ್ಲ. ಕೈಗೆ ಏನೋ ಆಯಿತು ಎಂದು ತಿಳಿದು, ತೋಳಿನ ಸ್ನಾಯು ಹಿಂದಕ್ಕೆ ಸೆಳೆಯಲು ಅರ್ಧ ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಬೆಲ್ಟು 75 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಅಂದರೆ ಸುಮಾರು 45 ಸೆಂಟಿಮೀಟರ್. ಕೈ ಎಳೆದುಕೊಳ್ಳಬೇಕು ಎನಿಸುವ ಹೊತ್ತಿಗೆ ಮೊಣಕೈ ದಾಟಿ ಹೋಗಿರುತ್ತದೆ. ಟನ್ನುಗಟ್ಟಲೆ ಜಲ್ಲಿ ಎಳೆಯುವ ಮೋಟಾರಿಗೆ ಮನುಷ್ಯನ ಕೈ ಒಂದು ಹೊರೆಯೆಂದು ಅನಿಸುವುದೇ ಇಲ್ಲ. ಅದು ಸದ್ದು ಬದಲಿಸದೆ ತಿರುಗುತ್ತಲೇ ಇರುತ್ತದೆ.

ಇಷ್ಟು ಅಪಾಯವಿರುವಲ್ಲಿಗೆ ಯಾರಾದರೂ ಕೈ ಯಾಕೆ ಒಯ್ಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕದೆ ಕೆಲಸಗಾರನ ಅಜಾಗ್ರತೆ ಎಂದು ಬರೆದು ಮುಗಿಸುವುದು ಅನ್ಯಾಯ. ಬೆಲ್ಟು ಸರಿಯಾಗಿ ಓಡುತ್ತಿರುವಾಗ ಯಾರ ಕೈಯೂ ಅಲ್ಲಿಗೆ ಹೋಗುವುದಿಲ್ಲ. ಅದು ತೊಡರಿದಾಗ ಹೋಗುತ್ತದೆ. ದಕ್ಷಿಣ ಕನ್ನಡದಲ್ಲಿ ತೊಡರಿಸುವುದು ಮುಖ್ಯವಾಗಿ ಮಳೆ. ಜೂನಿನಿಂದ ನಾಲ್ಕು ತಿಂಗಳು ಹೊಯ್ಯುವ ಮಳೆಗೆ ಕಲ್ಲುಪುಡಿ ಕೆಸರಾಗಿ ಹಿಂಬದಿಯ ಡ್ರಮ್ಮಿಗೆ ಮೆತ್ತಿಕೊಳ್ಳುತ್ತದೆ. ಡ್ರಮ್ಮಿನ ಮೈ ಏರುಪೇರಾದರೆ ಬೆಲ್ಟು ಒಂದು ಪಕ್ಕಕ್ಕೆ ಸರಿಯುತ್ತದೆ. ಒದ್ದೆಯಾದರೆ ಜಾರುತ್ತದೆ, ಡ್ರಮ್ಮು ತಿರುಗಿದರೂ ಬೆಲ್ಟು ಓಡುವುದಿಲ್ಲ. ಆಗ ಒಬ್ಬ ಕಬ್ಬಿಣದ ಸರಳು ಹಿಡಿದು ತಿರುಗುವ ಡ್ರಮ್ಮಿನ ಕೆಸರು ಹೆರೆಯುತ್ತಾನೆ, ಇನ್ನೊಬ್ಬ ಹಿಡಿತ ಬರಲೆಂದು ಸಂದಿಗೆ ಮರಳು ಎರಚುತ್ತಾನೆ. ನಿಲ್ಲಿಸಿ ಮಾಡಬಹುದಾದ ಕೆಲಸವೇ ಇದು. ಆದರೆ ಜಲ್ಲಿ ತುಂಬಿದ ಬೆಲ್ಟನ್ನು ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಕಷ್ಟ, ಹೊರಗೆ ಟಿಪ್ಪರುಗಳು ಸಾಲಾಗಿ ಕಾಯುತ್ತಿರುತ್ತವೆ, ‘ನಿಲ್ಲಿಸಿದ್ದು ಯಾಕೆ’ ಎಂಬ ಕೂಗು ಕಚೇರಿಯಿಂದ ಬರುತ್ತದೆ. ಕೈಯನ್ನು ಸಂದಿಗೆ ಕಳಿಸುವುದು ಈ ಅವಸರ. ಸರಳು ಸಿಕ್ಕಿಕೊಂಡರೆ ಅದನ್ನು ಹಿಡಿದ ಕೈಯೂ ಅದರ ಹಿಂದೆಯೇ ಹೋಗುತ್ತದೆ.

ಅಕ್ಕಿ ಮಿಲ್ಲಿನ ಎಲಿವೇಟರಿನಲ್ಲಿ ಅಪಾಯ ಇನ್ನಷ್ಟು ಮರೆಯಲ್ಲಿದೆ. ಪೆಟ್ಟಿಗೆಯೊಳಗೆ ಬೆಲ್ಟು, ಬೆಲ್ಟಿಗೆ ಸಾಲು ಡಬ್ಬಿಗಳು. ಬುಡದಲ್ಲಿ ಭತ್ತ ಕಟ್ಟಿಕೊಂಡಾಗ ಕೆಳಗಿನ ಕಿಂಡಿ ತೆರೆದು ಕೈಯಿಂದ ಬಾಚುವುದು ವಾಡಿಕೆ. ಸ್ವಿಚ್ಚು ಆಫ್ ಮಾಡಿದ್ದರೂ ಇಲ್ಲಿ ಅಪಾಯ ತೀರಿತೆಂದು ತಿಳಿಯುವಂತಿಲ್ಲ. ಮೇಲೇರುತ್ತಿದ್ದ ಬದಿಯ ಡಬ್ಬಿಗಳಲ್ಲಿ ಭತ್ತ ತುಂಬಿರುತ್ತದೆ, ಇಳಿಯುವ ಬದಿಯವು ಖಾಲಿ. ಕಟ್ಟಿಕೊಂಡದ್ದು ಸಡಿಲವಾದ ಕೂಡಲೇ ಆ ಭಾರಕ್ಕೆ ಇಡೀ ಸಾಲು ಹಿಮ್ಮುಖವಾಗಿ ಜಾರಿ ಡಬ್ಬಿಯ ಅಂಚು ಬೆರಳ ಮೇಲೆ ಬೀಳುತ್ತದೆ. ಧಾನ್ಯವನ್ನು ಅಡ್ಡಲಾಗಿ ಸಾಗಿಸುವ ತಿರುಪಿನ ಕೊಳವೆಯದು ಮತ್ತೊಂದು ಬಗೆ. ತಿರುಪಿನ ಅಲಗಿಗೂ ಕೊಳವೆಯ ಗೋಡೆಗೂ ನಡುವೆ ಇರುವುದು ಬೆರಳು ಹಿಡಿಯುವಷ್ಟೇ ಜಾಗ. ಮೇಲಿನ ಮುಚ್ಚಳ ತೆಗೆದಿಟ್ಟು, ‘ಎಲ್ಲಿ ಕಟ್ಟಿದೆ ಎಂದು ಕಾಣಲಿ’ ಎಂದು ಹಾಗೆಯೇ ಓಡಿಸುವ ಮಿಲ್ಲಿನಲ್ಲಿ ಗಾಯ ಕಾದು ಕೂತಿರುತ್ತದೆ.

ಇಲ್ಲಿ ಕರೆಂಟಿನ ಮಾತು ಬರಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು, ಹೋದ ಕರೆಂಟು ಯಾವಾಗಲೋ ಬರುವುದು ಈ ಊರುಗಳಿಗೆ ಹೊಸತಲ್ಲ. ಕರೆಂಟು ಹೋದಾಗ ಯಂತ್ರ ನಿಲ್ಲುತ್ತದೆ. ಹೇಗೂ ನಿಂತಿದೆಯಲ್ಲ ಎಂದು ಯಾರೋ ಡ್ರಮ್ಮಿಗೆ ಮೆತ್ತಿದ್ದನ್ನು ತೆಗೆಯಲು ಕೈ ಹಾಕುತ್ತಾರೆ. ಸ್ವಿಚ್ಚು ಮಾತ್ರ ಆನ್ ಸ್ಥಿತಿಯಲ್ಲೇ ಇರುತ್ತದೆ. ಸರಿಯಾದ ಸ್ಟಾರ್ಟರಿದ್ದರೆ ಅದರೊಳಗಿನ ಕಾಯಿಲು ಕರೆಂಟು ಹೋದೊಡನೆ ಸಂಪರ್ಕ ಬಿಡಿಸುತ್ತದೆ, ಮತ್ತೆ ಹಸಿರು ಗುಂಡಿ ಒತ್ತದೆ ಮೋಟಾರು ಹೊರಡುವುದಿಲ್ಲ. ಹಳೆಯ ಹಿಡಿಕೆಯ ಮೈನ್ ಸ್ವಿಚ್ಚಿನಿಂದ ನೇರವಾಗಿ ಓಡಿಸುವ ಕಡೆ, ಅಥವಾ ತೋಟದ ಪಂಪಿಗೆ ಹಾಕುವ ಆಟೋ ಸ್ಟಾರ್ಟರನ್ನು ತಂದು ಮಿಲ್ಲಿಗೂ ಜೋಡಿಸಿದ ಕಡೆ, ಕರೆಂಟು ಬಂದ ಕ್ಷಣವೇ ಬೆಲ್ಟು ಓಡತೊಡಗುತ್ತದೆ. ಅಡಿಕೆ ತೋಟದ ಪಂಪಿಗೆ ಅನುಕೂಲವಾದ ಸಾಧನ ಜನ ಕೈಯಾಡಿಸುವ ಯಂತ್ರಕ್ಕೆ ಎಂದೂ ಸಲ್ಲದು.

ಎತ್ತುವ ಯಂತ್ರಗಳಲ್ಲಿ ಗಾಯದ ಸ್ವರೂಪ ಬೇರೆ. ಚೈನ್ ಬ್ಲಾಕಿನಲ್ಲಿ ಕಲ್ಲನ್ನೋ ಮೋಟಾರನ್ನೋ ಎತ್ತುವಾಗ, ಹಗ್ಗ ಬಿಗಿಯಾಗುವ ತನಕ ಅದು ಸರಿಯದಂತೆ ಕೈಯಿಂದ ಒತ್ತಿ ಹಿಡಿಯುತ್ತಾರೆ. ಬಿಗಿಯಾದ ಗಳಿಗೆಯಲ್ಲಿ ಬೆರಳು ಹಗ್ಗಕ್ಕೂ ಭಾರಕ್ಕೂ ನಡುವೆ ಉಳಿಯುತ್ತದೆ. ಇಳಿಸುವಾಗಲೂ ಹಾಗೆಯೇ, ಅಡಿಗೆ ಇಡುವ ಮರದ ತುಂಡನ್ನು ಸರಿಪಡಿಸಲು ಹೋದ ಬೆರಳಿನ ಮೇಲೆ ಭಾರ ಕೂರುತ್ತದೆ. ತೂಗಾಡುವ ಭಾರವನ್ನು ಒಂದು ಉದ್ದ ಹಗ್ಗ ಕಟ್ಟಿ ದೂರದಿಂದ ತಿರುಗಿಸಬೇಕೇ ಹೊರತು ಮೈಮುಟ್ಟಿ ಅಲ್ಲ. ಬಾವಿ ತೋಡುವ ರಾಟೆಯಲ್ಲಿ ಉಕ್ಕಿನ ಹಗ್ಗ ಡ್ರಮ್ಮಿನ ಮೇಲೆ ಒಂದರ ಮೇಲೊಂದು ಸುತ್ತಿಕೊಂಡಾಗ ಅದನ್ನು ಕೈಯಿಂದ ಸಾಲಿಗೆ ತಳ್ಳುವವರಿದ್ದಾರೆ. ಹಗ್ಗದಿಂದ ಎದ್ದ ಒಂದು ಎಳೆ ತಂತಿ ಅಂಗಿಯ ತೋಳಿಗೋ ಕೈಗವಸಿಗೋ ಸಿಕ್ಕಿದರೂ ಸಾಕು. ಕೈಗವಸಿನ ಬಗ್ಗೆ ಒಂದು ತಪ್ಪು ತಿಳುವಳಿಕೆಯೂ ಇದೆ. ಉಕ್ಕಿನ ಹಗ್ಗ ಹಿಡಿದು ಹೊರುವಾಗ, ಒರಟು ಕಲ್ಲು ಎತ್ತುವಾಗ ಅದು ಕೈಯನ್ನು ಕಾಯುತ್ತದೆ. ತಿರುಗುವ ಡ್ರಮ್ಮಿನ ಹತ್ತಿರ ಅದೇ ಕೈಗವಸು ಬೆರಳನ್ನು ಒಳಕ್ಕೆಳೆಯುವ ಕೊಕ್ಕೆಯಾಗುತ್ತದೆ. ಹೆಗಲಿನ ಬೈರಾಸು, ಸೆರಗು, ಸಡಿಲ ತೋಳು, ಉಂಗುರ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈಯ ನೂಲು, ಇವೆಲ್ಲ ಅದೇ ಸಾಲಿನವು. ಉಂಗುರ ಸಿಕ್ಕಿ ಎಳೆದರೆ ಬೆರಳಿನ ಚರ್ಮವೇ ಸುಲಿದು ಬರುತ್ತದೆ.

ಫೋರ್ಕ್‌ಲಿಫ್ಟಿನಲ್ಲಿ ಚಾಲಕ ಕೈಯನ್ನು ಹೊರಗೆ ಇಟ್ಟುಕೊಂಡು ಬಾಗಿಲ ಚೌಕಟ್ಟು ದಾಟುವುದು, ಎತ್ತುವ ಕಂಬದ ಚೈನಿನೊಳಗೆ ಕೈ ತೂರಿಸುವುದು ಗಾಯಕ್ಕೆ ದಾರಿ. ಅದಕ್ಕಿಂತ ಹೆಚ್ಚು ಹೇಳಬೇಕಾದದ್ದು ಹೈಡ್ರಾಲಿಕ್ ಎಣ್ಣೆಯ ಬಗ್ಗೆ. ಟಿಪ್ಪರು, ಫೋರ್ಕ್‌ಲಿಫ್ಟು, ಮಣ್ಣು ಅಗೆಯುವ ಯಂತ್ರಗಳ ಹೋಸಿನಲ್ಲಿ ಎಣ್ಣೆಯ ಒತ್ತಡ ಟಯರಿನ ಗಾಳಿಯ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೂಜಿಮೊನೆಯಷ್ಟು ತೂತು ಎಲ್ಲಿದೆಯೆಂದು ಬೆರಳಾಡಿಸಿ ನೋಡಿದರೆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಒಂದು ಚುಕ್ಕೆ, ಮೊದಲಿಗೆ ನೋವೂ ಅಷ್ಟಿಲ್ಲ. ಕೆಲವೇ ತಾಸುಗಳಲ್ಲಿ ಬೆರಳು ಬಾತು ಒಳಗಿನ ಮಾಂಸ ಸಾಯತೊಡಗುತ್ತದೆ. ಇದು ಅದೇ ದಿನ ಶಸ್ತ್ರಚಿಕಿತ್ಸೆ ಬೇಡುವ ಗಾಯ. ಸೋರಿಕೆ ಹುಡುಕಲು ಒಂದು ತುಂಡು ರಟ್ಟು ಸಾಕು.

ಬೆಳ್ತಂಗಡಿ ತಾಲೂಕಿನ ರಬ್ಬರ್ ತೋಟಗಳಲ್ಲಿ ಶೀಟು ಒತ್ತುವ ರೋಲರುಗಳು, ಪೇಟೆಯ ಕಬ್ಬಿನ ಹಾಲಿನ ಗಾಣ, ಇವು ಸಾಮಾನು ಸಾಗಿಸುವ ಯಂತ್ರಗಳಲ್ಲದಿದ್ದರೂ ಸಂದಿಯ ಸ್ವಭಾವ ಒಂದೇ. ಎರಡು ರೋಲರುಗಳ ನಡುವೆ ಸಿಕ್ಕ ಕೈಯ ಚರ್ಮ ಕೆಲವೊಮ್ಮೆ ಹರಿಯದೆಯೂ ಇರಬಹುದು. ಮೇಲ್ನೋಟಕ್ಕೆ ‘ಏನೂ ಆಗಿಲ್ಲ’ ಎನಿಸುವ ಅಂಥ ಕೈಯಲ್ಲಿ ಒಳಗಿನ ಬಾವು ರಕ್ತದ ಓಟವನ್ನು ಒತ್ತಿ ನಿಲ್ಲಿಸಬಹುದು. ಬೆರಳು ಚಾಚಿದರೆ ತಡೆಯಲಾರದ ನೋವು, ಮರಗಟ್ಟುವಿಕೆ, ಬಿಳಿಚಿಕೊಂಡ ಉಗುರು ಕಂಡರೆ ಮುಲಾಮು ಹಚ್ಚಿ ಮಲಗಿಸುವಂತಿಲ್ಲ.

ಯಂತ್ರವನ್ನು ಬದಲಿಸಿದರೆ ಕೈ ಉಳಿಯುತ್ತದೆ ಎಂಬುದಕ್ಕೆ ಭಾರತದಲ್ಲೇ ಸಾಕ್ಷಿಯಿದೆ. ಹಸಿರು ಕ್ರಾಂತಿಯ ನಂತರ ಉತ್ತರದ ಗೋಧಿ ಸೀಮೆಯಲ್ಲಿ ಮೋಟಾರಿನ ಒಕ್ಕಣೆ ಯಂತ್ರಗಳು ಬಂದು, ಸಿವುಡು ತುರುಕುವ ಕೈಗಳು ಒಳಗೆ ಸಿಕ್ಕಿ ಸಾವಿರಾರು ಜನ ಅಂಗಹೀನರಾದರು. ದೆಹಲಿಯ ಐಐಟಿಯ ದಿನೇಶ್ ಮೋಹನ್ ಮೊದಲಾದವರು ಈ ಗಾಯಗಳನ್ನು ಅಧ್ಯಯನ ಮಾಡಿದರು. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂತು. ಪರಿಹಾರ ತೀರಾ ಸರಳವಾಗಿತ್ತು. ಸಿವುಡು ಹಾಕುವ ದೋಣಿಯನ್ನು 90 ಸೆಂಟಿಮೀಟರ್ ಉದ್ದ ಮಾಡಿ, ಅದರಲ್ಲಿ 45 ಸೆಂಟಿಮೀಟರ್ ಮುಚ್ಚಬೇಕು ಎಂಬುದು ಮಾನಕ. ತೋಳು ಅಷ್ಟು ದೂರ ಎಟಕದು, ಆದ್ದರಿಂದ ಕೈ ಹಲ್ಲಿನವರೆಗೆ ಹೋಗದು. ರೈತನಿಗೆ ‘ಜಾಗ್ರತೆ’ ಎಂದು ಸಾವಿರ ಸಲ ಹೇಳುವುದಕ್ಕಿಂತ ಮುಚ್ಚಿದ ಆ ಒಂದು ಮೊಳ ದೂರ ಹೆಚ್ಚು ಕೆಲಸ ಮಾಡುತ್ತದೆ.

ಬೆಲ್ಟಿಗೂ ಅದೇ ಸೂತ್ರ. ಹಿಂಬದಿಯ ಡ್ರಮ್ಮಿಗೆ ಗಟ್ಟಿ ಜಾಲರಿಯ ಮುಚ್ಚಿಗೆ ಬೇಕು, ಅದರ ಕಣ್ಣು ಬೆರಳು ತೂರದಷ್ಟು ಕಿರಿದಾಗಿರಬೇಕು. ಗ್ರೀಸು ಹಾಕುವ ಬಾಯಿಯನ್ನು ಕೊಳವೆಯಿಂದ ಜಾಲರಿಯ ಹೊರಗೆ ತಂದರೆ ಮುಚ್ಚಿಗೆ ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಡ್ರಮ್ಮಿನ ಕೆಸರು ಹೆರೆಯಲು ಒಂದು ಪಟ್ಟಿಯನ್ನು ಖಾಯಂ ಕೂರಿಸಬಹುದು. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿ, ಎಲ್ಲಿಂದ ಎಳೆದರೂ ಮೋಟಾರು ನಿಲ್ಲುವಂತೆ ಮಾಡಬೇಕು. ಸಿಕ್ಕಿಕೊಂಡವನಿಗೆ ಸ್ವಿಚ್ಚಿನವರೆಗೆ ಹೋಗಲಾಗುವುದಿಲ್ಲ ಎಂಬುದನ್ನು ಸ್ವಿಚ್ಚು ಕೂರಿಸುವವರು ಎಷ್ಟೋ ಸಲ ಮರೆಯುತ್ತಾರೆ.

ಇನ್ನು ಬೀಗ. ಕೈ ಹಾಕುವ ಮುನ್ನ ಮೈನ್ ಸ್ವಿಚ್ಚು ಇಳಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಕೈ ಹಾಕುವವನೇ ಜೇಬಿನಲ್ಲಿ ಇಟ್ಟುಕೊಳ್ಳುವುದು. ಇಬ್ಬರಿದ್ದರೆ ಇಬ್ಬರದೂ ಬೇರೆ ಬೇರೆ ಬೀಗ. ಆಮೇಲೆ ಗುಂಡಿ ಒತ್ತಿ ಯಂತ್ರ ಹೊರಡುವುದಿಲ್ಲವೆಂದು ನೋಡುವುದು, ಎಲಿವೇಟರಾದರೆ ಸಾಲು ಹಿಂದಕ್ಕೆ ಜಾರದಂತೆ ತಡೆ ಕೊಡುವುದು. ಅಮೆರಿಕದಲ್ಲಿ 1989ರಲ್ಲಿ ಇದನ್ನು ಕಡ್ಡಾಯ ನಿಯಮವಾಗಿ ಬರೆದರು. ಪಾಣೆಮಂಗಳೂರಿನ ಯಾವ ಅಂಗಡಿಯಲ್ಲೂ ಸಿಗುವ ಬೀಗದಿಂದ ಆಗುವ ಕೆಲಸ ಇದು. ಎಚ್ಚರಿಕೆಯ ಫಲಕದ ಬಗೆಗೂ ಒಂದು ಮಾತು ಹೇಳಬೇಕು. ಕ್ರಷರುಗಳಲ್ಲೂ ಕಾರ್ಖಾನೆಗಳಲ್ಲೂ ಇಂದು ದುಡಿಯುವವರಲ್ಲಿ ಜಾರ್ಖಂಡ್, ಒಡಿಶಾ, ಬಿಹಾರಗಳಿಂದ ಬಂದವರು ಬಹಳ. ಅವರಿಗೆ ಕನ್ನಡದ ಫಲಕ ಓದಲು ಬಾರದು. ಸಂದಿಗೆ ಸಿಕ್ಕ ಕೈಯ ಚಿತ್ರ ಎಲ್ಲರಿಗೂ ಓದಲು ಬರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಚಲಿಸುವ ಭಾಗಗಳಿಗೆ ಬೇಲಿ ಬೇಕೆಂದಿತು. 22ನೆಯದು ಓಡುವ ಯಂತ್ರವನ್ನು ಪರೀಕ್ಷಿಸಲೇಬೇಕಾದರೆ ತರಬೇತಿ ಪಡೆದ, ಮೈಗೆ ಅಂಟಿದ ಉಡುಪು ತೊಟ್ಟ, ಪುಸ್ತಕದಲ್ಲಿ ಹೆಸರು ದಾಖಲಾದ ವಯಸ್ಕನೇ ಆಗಬೇಕೆಂದಿತು. ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆ, ಎತ್ತುವ ಚೈನು ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ತಜ್ಞರು ಪರೀಕ್ಷಿಸಬೇಕೆಂದಿತು. ಆದರೆ ವಿದ್ಯುತ್ ಬಳಸುವಲ್ಲಿ 10 ಜನ ಇದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ, ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಆರೇಳು ಜನರಿಂದ ನಡೆಯುವ ಹಳ್ಳಿಯ ಮಿಲ್ಲು ಮೊದಲೇ ಕಾರ್ಖಾನೆಯ ಲೆಕ್ಕದಿಂದ ಹೊರಗಿತ್ತು, ಈಗ ಹದಿನೈದು ಜನರದ್ದೂ ಹೊರಗುಳಿಯುತ್ತದೆ. ಬೆಲ್ಟಿನ ಸಂದಿ ಆಳುಗಳನ್ನು ಎಣಿಸಿ ಎಳೆಯುವುದಿಲ್ಲವಾದ್ದರಿಂದ, ಇನ್‌ಸ್ಪೆಕ್ಟರು ಬಾರದ ಇಂಥ ಕಡೆ ಹೊಣೆಯೆಲ್ಲ ಮಾಲೀಕರ ಮನಸ್ಸಾಕ್ಷಿಯ ಮೇಲೆ ಬೀಳುತ್ತದೆ.

ಗಾಯ ಆಗಿಯೇ ಹೋದರೆ ಮೊದಲು ಯಂತ್ರ ನಿಲ್ಲಿಸಬೇಕು. ಗಾಬರಿಯಲ್ಲಿ ಮೋಟಾರನ್ನು ಹಿಮ್ಮುಖ ತಿರುಗಿಸಿದರೆ ಕೈ ಎರಡನೆಯ ಸಲ ಅರೆಯಲ್ಪಡಬಹುದು. ಬೆಲ್ಟು ಸಡಿಲಿಸಿಯೋ ಕೊಯ್ದೋ ಬಿಡಿಸುವುದು ಲೇಸು. ಸ್ವಚ್ಛ ಬಟ್ಟೆ ಒತ್ತಿ, ಕೈ ಎತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಅರಿಸಿನ, ಕಾಫಿಪುಡಿ, ಮಣ್ಣು ಮೆತ್ತಬಾರದು. ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸ್ ಬೆರೆತ ನೀರಿನಲ್ಲಿ ಇಡಬೇಕು. ಬೆರಳು ನೇರವಾಗಿ ಐಸಿಗೆ ತಾಗಿದರೆ ಕೆಡುತ್ತದೆ. ಮಾಂಸಖಂಡ ಕಡಿಮೆಯಿರುವ ಬೆರಳು ತಂಪಿನಲ್ಲಿ ಹಲವು ತಾಸು ಜೀವ ಹಿಡಿದಿರುತ್ತದೆ, ಮುಂಗೈಯಿಂದ ತುಂಡಾದ ಭಾಗಕ್ಕೆ ಸಿಗುವ ಕಾಲ ಆರು ತಾಸಿನ ಆಸುಪಾಸು. ಜಪಾನಿನ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದಡಿ ಮರುಜೋಡಿಸಿದ್ದನ್ನು ಲೋಕಕ್ಕೆ ತಿಳಿಸಿದ್ದು 1968ರಲ್ಲಿ. ಆ ವಿದ್ಯೆ ಈಗ ದೂರದ್ದಲ್ಲ. ಪಾಣೆಮಂಗಳೂರಿನಿಂದ ಮಂಗಳೂರು ಸುಮಾರು 25 ಕಿಲೋಮೀಟರ್, ಬೆಳ್ತಂಗಡಿಯಿಂದ 60ರಷ್ಟು. ಹೊರಡುವ ಮುನ್ನ ಕೈ ಮರುಜೋಡಿಸುವ ಸರ್ಜನ್ ಎಲ್ಲಿದ್ದಾರೆಂದು ಫೋನಿನಲ್ಲಿ ವಿಚಾರಿಸಿಕೊಂಡರೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಹೊತ್ತು ಉಳಿಯುತ್ತದೆ.

ಹೋದ ಬೆರಳಿಗೆ ಕಾನೂನು ಒಂದು ಬೆಲೆ ಕಟ್ಟಿದೆ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ, ಅದೇ ಪಟ್ಟಿ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ, ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳಿಗೋ ಕಿರುಬೆರಳಿಗೋ 7. ಒಂದು ಕೈಯ ನಾಲ್ಕು ಬೆರಳಿಗೆ 50, ಹಸ್ತಕ್ಕೆ 60. ತಿಂಗಳಿಗೆ 15,000 ರೂಪಾಯಿ ವೇತನದ 30 ವರ್ಷದವನ ಹೆಬ್ಬೆರಳಿಗೆ ಕಾಯಿದೆಯ ಸೂತ್ರದಂತೆ ಬರುವುದು 5,61,546 ರೂಪಾಯಿ. ಇಎಸ್‌ಐ ವಿಮೆ ಇರುವವರಿಗೆ ಪರಿಹಾರ ಆ ವಿಮಾ ನಿಗಮದಿಂದಲೇ ಸಲ್ಲುತ್ತದೆ. ಆದರೆ ಶೇಕಡಾವಾರು ಪಟ್ಟಿಗೆ ಕೈಯ ಕಸುಬು ಗೊತ್ತಿಲ್ಲ. ಬಂಟ್ವಾಳ, ಪಾಣೆಮಂಗಳೂರಿನ ಸುತ್ತ ಮನೆಮನೆಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ, ಅಡಿಕೆ ಮರ ಏರುವವನಿಗೆ, ಎರಡು ಬೆರಳು ಹೋದರೆ ಉಳಿಯುವುದು ಪಟ್ಟಿ ಎಣಿಸುವ ಎಂಬತ್ತು ಪಾಲು ದುಡಿಮೆಯಲ್ಲ. ಸುಪ್ರೀಂ ಕೋರ್ಟು ಇದನ್ನು ಎಂದೋ ಮನಗಂಡಿದೆ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, 1975ರ ಡಿಸೆಂಬರಿನಲ್ಲಿ, ಎಡಗೈ ಕಳೆದುಕೊಂಡ ಬಡಗಿಯೊಬ್ಬನ ನಷ್ಟವನ್ನು ಪೂರ್ತಿ ನೂರೆಂದು ಎಣಿಸಿತು, ಒಂದು ಕೈಯಿಂದ ಬಡಗಿತನ ಆಗದು ಎಂಬ ಕಾರಣಕ್ಕೆ. ಪರಿಹಾರ ಅಪಘಾತವಾದ ದಿನದಿಂದಲೇ ಸಲ್ಲಬೇಕೆಂದೂ ಅಲ್ಲಿಯೇ ಹೇಳಿತು.

ಪರಿಹಾರ ಸಿಗಬೇಕಾದರೆ ಗಾಯ ಕೆಲಸದಲ್ಲಿ ಆದದ್ದೆಂದು ಆಸ್ಪತ್ರೆಯ ಮೊದಲ ಚೀಟಿಯಲ್ಲೇ ಬರೆಸಬೇಕು. ‘ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು’ ಎಂದು ಯಾರೋ ಹೇಳಿಕೊಟ್ಟದ್ದನ್ನು ಅಲ್ಲಿ ಬರೆಸಿದರೆ ಆಮೇಲೆ ಅಳಿಸುವುದು ಬಲು ಕಷ್ಟ. ಸಂಬಳ ಪಡೆದ ಗುರುತು, ಜೊತೆಗಿದ್ದವರ ಹೆಸರು, ಯಂತ್ರದ ಒಂದು ಫೋಟೋ ಜೋಪಾನವಾಗಿರಲಿ. ದೂರದ ರಾಜ್ಯದಿಂದ ಬಂದ ಹುಡುಗನೊಬ್ಬ ಪಟ್ಟಿ ಕಟ್ಟಿಸಿಕೊಂಡು ರೈಲು ಹತ್ತುವ ಮುಂಚೆ ಇಷ್ಟನ್ನು ಅವನಿಗೆ ಬಿಡಿಸಿ ಹೇಳುವವರು ಜೊತೆಯ ಕೆಲಸಗಾರರಲ್ಲಿ ಒಬ್ಬರಾದರೂ ಇರಬೇಕು. ಪರಿಹಾರದ ಅರ್ಜಿಗೆ ಇರುವ ಅವಧಿ ಅಪಘಾತವಾದ ದಿನದಿಂದ 2 ವರ್ಷ.